ನೋಯದ ಗಾಯ

ಕತ್ತಿ ತಗುಲಿದರೂ ಕುಣಿಯುವ ಭಕ್ತ, ಕಾಲು ಕೊಳೆಯುತ್ತಿದ್ದರೂ ಮೇಯುವ ಕುರಿ, ಬೆರಳು ಹೋದದ್ದೇ ಗೊತ್ತಾಗದ ರೋಗಿ. ಕಡಯಂಪಟ್ಟಿಯ ಸುತ್ತಲ ಸೀಮೆಯಲ್ಲಿ ನಿಂತು ನೋವಿನ ಲೆಕ್ಕ ಕೇಳಿದಾಗ...

ಹಬ್ಬದ ದಿನ ಸೇಲಂ ಸೀಮೆಯ ದೇವಾಂಗರ ಕೇರಿಯಲ್ಲಿ ಮಗ್ಗದ ಸದ್ದಿರುವುದಿಲ್ಲ. ಬೀದಿಗೆ ನೀರು ಚಿಮುಕಿಸಿ ರಂಗೋಲಿ ಇಟ್ಟಿರುತ್ತಾರೆ. ಚೌಡೇಶ್ವರಿ ಅಮ್ಮನ ಮುಂದೆ ವಾದ್ಯ ಶುರುವಾಗುತ್ತಿದ್ದಂತೆ ಬರಿಮೈಯ ಗಂಡಸರು ಕೈಯಲ್ಲಿ ಕತ್ತಿ ಹಿಡಿದು ಸಾಲಾಗಿ ನಿಲ್ಲುತ್ತಾರೆ. ಇವರು ವೀರಕುಮಾರರು. ‘ತೀಸುಕೋ ತಾಯೇ, ತೀಸುಕೋ’ ಎಂದು ಕೂಗುತ್ತ ಕುಣಿಯುತ್ತ ಕತ್ತಿಯ ಅಲಗನ್ನು ಎದೆಗೆ, ತೋಳಿಗೆ ಬಡಿದುಕೊಳ್ಳುತ್ತಾರೆ. ಚರ್ಮ ಸೀಳುತ್ತದೆ, ರಕ್ತ ಇಳಿಯುತ್ತದೆ. ಪಕ್ಕದಲ್ಲಿದ್ದವರು ಸೀಳಿದ ಕಡೆ ಅರಿಶಿನದ ಪುಡಿ ಒತ್ತುತ್ತಾರೆ. ಕುಣಿತ ಮಾತ್ರ ನಿಲ್ಲುವುದಿಲ್ಲ. ಬರಲೊಲ್ಲದೆ ನಿಂತ ತಾಯಿಯನ್ನು ಕರೆತರುವ ಸೇವೆ ಇದು. ಇವರ ಬಾಯಲ್ಲಿ ‘ಅಲಗು ಸೇವೆ’, ತಮಿಳರ ಬಾಯಲ್ಲಿ ‘ಕತ್ತಿ ಪೋಡುದಲ್’. ಮನೆಯೊಳಗೆ ಕನ್ನಡ, ಬೀದಿಯಲ್ಲಿ ತಮಿಳು, ದೇವಿಯ ಮುಂದೆ ತೆಲುಗಿನ ಕೂಗು. ನೇಕಾರರು ಬಂದ ದಾರಿ ಅವರ ಮಾತಿನಲ್ಲೇ ಉಳಿದಿದೆ.

ಅದೇ ಮನುಷ್ಯನಿಗೆ ಮಾರನೆಯ ವಾರ ಉಗುರಿನ ಸಂದಿಯಲ್ಲಿ ಒಂದು ಸಿಬಿರು ಹೊಕ್ಕರೆ ‘ಅಯ್ಯಪ್ಪಾ’ ಎಂದು ಕೈ ಒದರುತ್ತಾನೆ. ಸಿಬಿರು ದೊಡ್ಡದೋ ಕತ್ತಿ ದೊಡ್ಡದೋ?

ಗಾಯ ಬೇರೆ, ನೋವು ಬೇರೆ. ಗಾಯ ಚರ್ಮದಲ್ಲಿ ಆಗುತ್ತದೆ. ಅದು ಎಷ್ಟು ನೋಯಬೇಕು, ಯಾವಾಗ ನೋಯಬೇಕು, ನೋಯಲೇಬೇಕೆ ಎಂಬುದು ಬೇರೆ ಕಡೆ ತೀರ್ಮಾನವಾಗುತ್ತದೆ. ನೂರೈವತ್ತು ವರ್ಷಗಳ ನೋವಿನ ವಿಜ್ಞಾನದಲ್ಲಿ ನನಗೆ ಮುಖ್ಯವೆನಿಸಿದ್ದು ಇದೊಂದೇ ಮಾತು. ಅದನ್ನು ನೋಡಲು ಬಹಳ ದೂರ ಹೋಗಬೇಕಾಗಿಲ್ಲ. ಧರ್ಮಪುರಿಯಿಂದ ತೊಪ್ಪೂರು ಘಾಟಿ ಇಳಿದು ಸೇಲಂ ಕಡೆ ಬಂದರೆ ಸೇರ್ವರಾಯನ್ ಬೆಟ್ಟದ ತಪ್ಪಲಿನಲ್ಲಿ ಕಡಯಂಪಟ್ಟಿ ಸಿಗುತ್ತದೆ. ಅದನ್ನು ನಡುವಿಟ್ಟು ನೂರು ಕಿಲೋಮೀಟರಿನ ಸುತ್ತು ಹಾಕಿ. ದೇವಾಂಗರ ಕತ್ತಿ, ಮೇಚೇರಿಯ ಕುರಿ, ಆಲಂಬಾಡಿಯ ಎತ್ತು, ನೋವಿನ ಬಗ್ಗೆ ಜಗತ್ತಿಗೇ ಪಾಠ ಹೇಳಿದ ಒಬ್ಬ ವೈದ್ಯ ಬೆಳೆದ ಬೆಟ್ಟ, ಎಲ್ಲವೂ ಆ ಸುತ್ತಿನೊಳಗೇ ಇವೆ.

ಎಡವಿದ ಬೆರಳು, ಎರಡು ನೋವು

ಕತ್ತಲಲ್ಲಿ ಹೊಸ್ತಿಲಿಗೆ ಕಾಲಿನ ಕಿರುಬೆರಳು ಬಡಿದದ್ದನ್ನು ನೆನಪಿಸಿಕೊಳ್ಳಿ. ಮೊದಲು ‘ಚುರ್’ ಎಂದು ಒಂದು ಚಳುಕು, ಕಾಲು ತಾನಾಗಿ ಹಿಂದಕ್ಕೆ ಬರುತ್ತದೆ. ಆಮೇಲೆ ಒಂದು ಕ್ಷಣ ಬಿಡುವು. ಆ ಬಿಡುವಿನಲ್ಲೇ ನಮಗೆ ಗೊತ್ತಿರುತ್ತದೆ, ಈಗ ಬರುತ್ತದೆ ಎಂದು. ಬರುತ್ತದೆ ಕೂಡ: ಆಳದಿಂದ, ಮಂದವಾಗಿ, ಹಿಂಡುತ್ತ.

ಇವು ಎರಡು ಬೇರೆ ನರಗಳು ತಂದ ಎರಡು ಸುದ್ದಿ. ಏಟು, ಕಾವು, ಆಮ್ಲ ಇಂಥ ಅಪಾಯಕ್ಕೆ ಮಾತ್ರ ಎಚ್ಚರಗೊಳ್ಳುವ ನರತುದಿಗಳಿಗೆ 1906ರಲ್ಲಿ ಒಂದು ಹೆಸರು ಕೊಟ್ಟವನು ಇಂಗ್ಲೆಂಡಿನ ಚಾರ್ಲ್ಸ್ ಶೆರಿಂಗ್ಟನ್: ನೋಸಿಸೆಪ್ಟರ್. ಇವುಗಳಲ್ಲಿ ತೆಳು ಹೊದಿಕೆ ಇರುವ ‘ಎ-ಡೆಲ್ಟಾ’ ನರ ಸೆಕೆಂಡಿಗೆ 5ರಿಂದ 30 ಮೀಟರ್ ವೇಗದಲ್ಲಿ ಸುದ್ದಿ ಒಯ್ಯುತ್ತದೆ. ಹೊದಿಕೆಯೇ ಇಲ್ಲದ ‘ಸಿ’ ನರದ್ದು ನಡಿಗೆಯ ವೇಗ, ಸೆಕೆಂಡಿಗೆ ಅರ್ಧದಿಂದ ಎರಡು ಮೀಟರ್. ಕಾಲ್ಬೆರಳಿನಿಂದ ಬೆನ್ನುಹುರಿಗೆ ಒಂದು ಮೀಟರ್ ದೂರ. ಹಾಗಾಗಿ ಎರಡನೆಯ ನೋವು ಒಂದು ಸೆಕೆಂಡು ತಡ.

ನರತುದಿಯಲ್ಲಿ ಕುಳಿತ ಬಾಗಿಲುಗಳು ಯಾವುವು ಎಂದು ಗೊತ್ತಾದದ್ದು ತೀರಾ ಇತ್ತೀಚೆಗೆ, ಅದೂ ಮೆಣಸಿನಕಾಯಿಯ ಪುಣ್ಯದಿಂದ. 1997ರಲ್ಲಿ ಕ್ಯಾಲಿಫೋರ್ನಿಯಾದ ಡೇವಿಡ್ ಜೂಲಿಯಸ್ ತಂಡ ಮೆಣಸಿನ ಖಾರಕ್ಕೆ ತೆರೆದುಕೊಳ್ಳುವ ಪ್ರೋಟೀನ್ ಹುಡುಕಿತು. ನೋಡಿದರೆ ಅದೇ ಬಾಗಿಲು 43 ಡಿಗ್ರಿ ಸೆಲ್ಸಿಯಸ್ ದಾಟಿದ ಕಾವಿಗೂ ತೆರೆಯುತ್ತದೆ. ಮಿದುಳಿಗೆ ಖಾರವೂ ಬೆಂಕಿಯೂ ಒಂದೇ ವಿಳಾಸದಿಂದ ಬರುವ ಪತ್ರ. ಖಾರ ತಿಂದು ‘ಬಾಯಿ ಉರಿಯಿತು’ ಅನ್ನುವ ನಮ್ಮ ಅಜ್ಜಿಯರು ಪ್ರಯೋಗಾಲಯಕ್ಕಿಂತ ಮುಂದಿದ್ದರು. ಜೂಲಿಯಸ್ ಅವರಿಗೆ 2021ರಲ್ಲಿ, ಸ್ಪರ್ಶದ ಬಾಗಿಲು ಹುಡುಕಿದ ಆರ್ಡೆಮ್ ಪಟಪೂಟಿಯನ್ ಜೊತೆ, ನೊಬೆಲ್ ಬಂತು. ಹಕ್ಕಿಗಳಲ್ಲೂ ಈ ಬಾಗಿಲಿದೆ, ಆದರೆ ಖಾರಕ್ಕೆ ತೆರೆಯುವುದಿಲ್ಲ. ಹಿತ್ತಲಲ್ಲಿ ಒಣಹಾಕಿದ ಮೆಣಸಿನಕಾಯಿಯನ್ನು ಕೋಳಿ ನಿಶ್ಚಿಂತೆಯಿಂದ ಕುಕ್ಕಿ ತಿನ್ನುವುದು ಅದಕ್ಕೇ. ಇಲಿ ಮೂಸಿ ದೂರ ಹೋಗುತ್ತದೆ.

ಇನ್ನು ಬೆನ್ನುಹುರಿ. ಅಲ್ಲಿ ಕೆರೆಗೆ ಇರುವಂತೆ ಒಂದು ತೂಬು ಇದೆ ಎಂದು 1965ರಲ್ಲಿ ರೊನಾಲ್ಡ್ ಮೆಲ್ಜಾಕ್ ಮತ್ತು ಪ್ಯಾಟ್ರಿಕ್ ವಾಲ್ ವಾದಿಸಿದರು. ಬಂದ ಸುದ್ದಿಯೆಲ್ಲ ಮೇಲೆ ಹೋಗುವುದಿಲ್ಲ, ತೂಬು ಎಷ್ಟು ಬಿಡುತ್ತದೋ ಅಷ್ಟೇ. ಸವರಿದ, ಉಜ್ಜಿದ ಸ್ಪರ್ಶದ ಸುದ್ದಿ ದಪ್ಪ ನರಗಳಲ್ಲಿ ಓಡಿಬಂದು ತೂಬನ್ನು ಅರ್ಧ ಮುಚ್ಚುತ್ತದೆ. ಬಿದ್ದ ಮಗುವಿನ ಮೊಣಕಾಲನ್ನು ತಾಯಿ ಉಜ್ಜುವುದರಲ್ಲಿ ಸಮಾಧಾನ ಮಾತ್ರವಲ್ಲ, ವಿದ್ಯುತ್ತೂ ಇದೆ. ಅವರ ನಕ್ಷೆಯ ಕೆಲವು ವಿವರಗಳು ಆಮೇಲೆ ತಪ್ಪೆಂದು ಕಂಡವು, ತೂಬು ಉಳಿಯಿತು.

ತೂಬಿನ ಕೀಲಿ ಯಾರ ಕೈಯಲ್ಲಿ? 1969ರಲ್ಲಿ ಡೇವಿಡ್ ರೆನಾಲ್ಡ್ಸ್ ಎಂಬಾತ ಇಲಿಯ ನಡುಮಿದುಳಿನ ಒಂದು ಬೂದು ಭಾಗಕ್ಕೆ ಸಣ್ಣ ವಿದ್ಯುತ್ ಕೊಟ್ಟು, ಅರಿವಳಿಕೆ ಇಲ್ಲದೆ ಅದರ ಹೊಟ್ಟೆ ಕೊಯ್ದ. ಇಲಿ ಎಚ್ಚರವಾಗಿಯೇ ಇತ್ತು, ಒದ್ದಾಡಲಿಲ್ಲ. ಅಂದರೆ ಮಿದುಳಿನಿಂದ ಕೆಳಕ್ಕೂ ಒಂದು ದಾರಿ ಇದೆ, ‘ಈಗ ಬೇಡ’ ಎಂದು ಹೇಳಿ ಕಳಿಸಲು. 1975ರಲ್ಲಿ ಸ್ಕಾಟ್ಲೆಂಡಿನ ಅಬರ್ಡೀನ್‌ನಲ್ಲಿ ಜಾನ್ ಹ್ಯೂಸ್ ಮತ್ತು ಹಾನ್ಸ್ ಕೋಸ್ಟರ್ಲಿಟ್ಜ್ ಹಂದಿಯ ಮಿದುಳನ್ನು ಅರೆದು, ಮೈಯೇ ತಯಾರಿಸುವ ಅಫೀಮನ್ನು ಬೇರ್ಪಡಿಸಿದರು. ಎನ್ಕೆಫಲಿನ್ ಅದರ ಹೆಸರು. ಮೂರು ವರ್ಷದ ನಂತರ ಇನ್ನೊಂದು ತಮಾಷೆ ಹೊರಬಿತ್ತು. ಹಲ್ಲು ಕೀಳಿಸಿಕೊಂಡವರಿಗೆ ಔಷಧಿಯಿಲ್ಲದ ಸುಳ್ಳು ಚುಚ್ಚುಮದ್ದು ಕೊಟ್ಟರೂ ಕೆಲವರಿಗೆ ನೋವು ಇಳಿಯುತ್ತದೆ. ಅಂಥವರಿಗೆ ಅಫೀಮನ್ನು ತಡೆಯುವ ನಲೋಕ್ಸೋನ್ ಕೊಟ್ಟಾಗ ನೋವು ಮರಳಿತು. ನಂಬಿಕೆ ಬರೀ ಭ್ರಮೆಯಲ್ಲ, ಮಿದುಳಿನ ಔಷಧಿ ಅಂಗಡಿಯಲ್ಲಿ ಚಲಾವಣೆಯಾಗುವ ಚೀಟಿ.

ಯುದ್ಧ ಕಂಡವರಿಗೆ ಇದು ಮೊದಲೇ ಗೊತ್ತಿತ್ತು. 1944ರಲ್ಲಿ ಇಟಲಿಯ ಆಂಜಿಯೊ ತೀರದಲ್ಲಿ ಅಮೆರಿಕದ ವೈದ್ಯ ಹೆನ್ರಿ ಬೀಚರ್ ಗಾಯಾಳು ಸೈನಿಕರನ್ನು ನೋಡುತ್ತಿದ್ದ. ಮೂಳೆ ಮುರಿದು ಮಾಂಸ ಹರಿದಿದ್ದವರನ್ನೂ ‘ಮಾರ್ಫಿನ್ ಬೇಕೆ’ ಎಂದು ಕೇಳಿದರೆ ನಾಲ್ವರಲ್ಲಿ ಮೂವರು ಬೇಡವೆಂದರು. ಊರಿನ ಆಸ್ಪತ್ರೆಯಲ್ಲಿ ಅದಕ್ಕಿಂತ ಚಿಕ್ಕ ಗಾಯಕ್ಕೆ ಜನ ಬೇಡಿಕೊಳ್ಳುತ್ತಿದ್ದರು. ಸೈನಿಕನಿಗೆ ಗಾಯ ಎಂದರೆ ಮನೆಗೆ ಹೋಗುವ ಟಿಕೆಟ್ಟು, ಊರಿನವನಿಗೆ ದುಡಿಮೆ ನಿಂತ ದಿನ.

ವೀರಕುಮಾರನ ಎದೆಗೂ ಇದೇ ಲೆಕ್ಕ ಹೊಂದುತ್ತದೆ ಎಂಬುದು ನನ್ನ ಎಣಿಕೆ. ವಾದ್ಯದ ಬಡಿತ, ಉಪವಾಸ, ಸುತ್ತಲೂ ತನ್ನದೇ ಕುಲದ ಕಣ್ಣುಗಳು, ಇದು ಶಿಕ್ಷೆಯಲ್ಲ ಸೇವೆ ಎಂಬ ಖಚಿತ ಅರಿವು: ತೂಬು ಮುಚ್ಚಲು ಇನ್ನೇನು ಬೇಕು? ಮಾರಿಷಸ್ ದ್ವೀಪದಲ್ಲಿ ತಮಿಳರು ತೈಪೂಸದಂದು ಮೈಗೆ ಶೂಲ ಚುಚ್ಚಿಕೊಂಡು ಕಾವಡಿ ಹೊರುವುದನ್ನು ಡಿಮಿಟ್ರಿಸ್ ಕ್ಸೈಗಲಾಟಾಸ್ ಎಂಬ ಮಾನವಶಾಸ್ತ್ರಜ್ಞ ವರ್ಷಗಟ್ಟಲೆ ಅಳೆದಿದ್ದಾರೆ. 2013ರಲ್ಲಿ ಪ್ರಕಟವಾದ ಅವರ ಅಧ್ಯಯನದ ಪ್ರಕಾರ ಹೆಚ್ಚು ನೋವಿನ ಸೇವೆ ಮಾಡಿದವರು ಆಮೇಲೆ ದೇವಸ್ಥಾನಕ್ಕೆ ಹೆಚ್ಚು ಹಣ ಕೊಟ್ಟರು. ಪಕ್ಕದಲ್ಲಿ ನಡೆದುಬಂದವರೂ ಹಾಗೆಯೇ. ನೋವು ಒಬ್ಬನ ಮೈಯಲ್ಲಿ ಶುರುವಾಗಿ ಕೇರಿಗೆಲ್ಲ ಹಬ್ಬುತ್ತದೆ ಎಂದಾಯಿತು. ತಮಿಳಿನಲ್ಲಿ ‘ವಲಿ’ ಎಂದರೆ ನೋವೂ ಹೌದು, ಬಲವೂ ಹೌದು. ಕನ್ನಡ ಅಷ್ಟು ದೂರ ಹೋಗಿಲ್ಲ. ಆದರೆ ತಲೆಗೆ ಸಿಡಿತ, ಹೊಟ್ಟೆಗೆ ಹಿಂಡು, ಕಾಲಿಗೆ ಸೆಳೆತ, ಹಲ್ಲಿಗೆ ಜುಮ್ಮು, ಹೆರಿಗೆಗೆ ಬೇನೆ ಎಂದು ಅಂಗಾಂಗಕ್ಕೆ ಬೇರೆ ಬೇರೆ ಮಾತು ಇಟ್ಟುಕೊಂಡ ಭಾಷೆಗೆ ನೋವಿನ ಪರಿಚಯ ಕಡಿಮೆ ಎನ್ನಲಾಗದು.

ಕೊಲ್ಲಿಮಲೆಯ ಹುಡುಗ

ಸೇಲಂನಿಂದ ಆಗ್ನೇಯಕ್ಕೆ ಕಾಣುವ ಬೆಟ್ಟದ ಸಾಲು ಕೊಲ್ಲಿಮಲೆ. ಈಗ ಅದು ನಾಮಕ್ಕಲ್ ಜಿಲ್ಲೆಯಲ್ಲಿದೆ. ಅಲ್ಲಿ ಮಲೇರಿಯಾದ ನಡುವೆ ಕೆಲಸ ಮಾಡುತ್ತಿದ್ದ ಮಿಷನರಿ ದಂಪತಿ ಜೆಸ್ಸಿ ಮತ್ತು ಎವೆಲಿನ್ ಬ್ರ್ಯಾಂಡ್ ಅವರಿಗೆ 1914ರಲ್ಲಿ ಹುಟ್ಟಿದ ಮಗ ಪಾಲ್. ಓದಲು ಇಂಗ್ಲೆಂಡಿಗೆ ಹೋಗಿ, ಮೊದಲು ಗಾರೆ ಮರಗೆಲಸ ಕಲಿತು, ಆಮೇಲೆ ಶಸ್ತ್ರವೈದ್ಯನಾಗಿ 1946ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿಗೆ ಮರಳಿದ.

ಕುಷ್ಠ ರೋಗಿಗಳ ಕೈಬೆರಳು ಕಾಲ್ಬೆರಳು ರೋಗದಿಂದಲೇ ಕೊಳೆತು ಉದುರುತ್ತವೆ ಎಂದು ವೈದ್ಯಲೋಕ ನಂಬಿದ್ದ ಕಾಲ. ಒಂದು ದಿನ ಉಗ್ರಾಣದ ತುಕ್ಕು ಹಿಡಿದ ಬೀಗ ತೆಗೆಯಲು ಬ್ರ್ಯಾಂಡ್ ಹೆಣಗುತ್ತಿದ್ದರು. ಕೀಲಿಕೈ ತಿರುಗಲೊಲ್ಲದು. ರೋಗಿಯಾಗಿದ್ದ ಒಬ್ಬ ಬಡಕಲು ಹುಡುಗ ಬಂದು ‘ನಾನು ನೋಡ್ತೀನಿ’ ಎಂದು ಕೀಲಿ ಹಿಡಿದು ಒಂದೇ ಸಲಕ್ಕೆ ತಿರುವಿಬಿಟ್ಟ. ಇಷ್ಟು ಶಕ್ತಿ ಎಲ್ಲಿಂದ ಎಂದು ಬೆರಗಾದಾಗ ನೆಲದ ಮೇಲೆ ರಕ್ತದ ಹನಿ ಕಂಡಿತು. ಹುಡುಗನ ತೋರುಬೆರಳು ಮೂಳೆ ಕಾಣುವಷ್ಟು ಕೊಯ್ದಿತ್ತು. ಅವನಿಗೆ ಅದು ಗೊತ್ತೇ ಇರಲಿಲ್ಲ.

ಅವನಿಗಿದ್ದದ್ದು ಶಕ್ತಿಯಲ್ಲ. ‘ಸಾಕು, ಬಿಡು’ ಎಂದು ನಮ್ಮ ಕೈಗೆ ಹೇಳುವ ನೋವು ಅವನಲ್ಲಿ ಇರಲಿಲ್ಲ, ಅಷ್ಟೇ. ಕುಷ್ಠದ ರೋಗಾಣು ನರವನ್ನು ಕೊಲ್ಲುತ್ತದೆ. ಬೆರಳನ್ನು ಕೊಲ್ಲುವುದು ಬಿಸಿ ಲೋಟ, ಕುಡುಗೋಲಿನ ಹಿಡಿ, ಚಪ್ಪಲಿಯೊಳಗಿನ ಮೊಳೆ. ರಾತ್ರಿ ಮಲಗಿದಾಗ ಇದ್ದ ಬೆರಳಿನ ತುದಿ ಬೆಳಿಗ್ಗೆ ಕಾಣೆಯಾಗುತ್ತಿದ್ದ ಒಗಟನ್ನೂ ಬ್ರ್ಯಾಂಡ್ ತಂಡ ಕಾವಲು ಕೂತು ಬಿಡಿಸಿತು. ಮಲಗಿದ್ದವರ ಬೆರಳನ್ನು ಇಲಿ ಬಂದು ಕಡಿಯುತ್ತಿತ್ತು, ಅವರಿಗೆ ಎಚ್ಚರವಾಗುತ್ತಿರಲಿಲ್ಲ. ಆಸ್ಪತ್ರೆ ಬಿಟ್ಟು ಹೋಗುವ ರೋಗಿಗಳಿಗೆ ಔಷಧಿಯ ಜೊತೆ ಒಂದೊಂದು ಬೆಕ್ಕನ್ನೂ ಕೊಡುವ ಪದ್ಧತಿ ಅಲ್ಲಿಂದ ಶುರುವಾಯಿತು. ವೈದ್ಯಶಾಸ್ತ್ರದ ಚೀಟಿಯಲ್ಲಿ ಬರೆದ ಅತ್ಯುತ್ತಮ ಔಷಧಿಗಳಲ್ಲಿ ಈ ಬೆಕ್ಕೂ ಒಂದು ಎಂದು ನಾನಂತೂ ಹೇಳುವೆ.

ಒಮ್ಮೆ ಲಂಡನ್ನಿನ ಕೋಣೆಯಲ್ಲಿ ರಾತ್ರಿ ಕಾಲುಚೀಲ ಬಿಚ್ಚುವಾಗ ಬ್ರ್ಯಾಂಡ್ ಅವರಿಗೆ ತಮ್ಮ ಹಿಮ್ಮಡಿ ಜೋಮು ಅನಿಸಿತು. ಸೂಜಿ ಚುಚ್ಚಿದರು, ನೋಯಲಿಲ್ಲ. ತನಗೂ ರೋಗ ತಗುಲಿತೆಂದು ರಾತ್ರಿಯೆಲ್ಲ ನಿದ್ದೆಯಿಲ್ಲ. ಬೆಳಗಾದ ಮೇಲೆ ಮತ್ತೆ ಚುಚ್ಚಿಕೊಂಡರೆ ಜೀವ ಹೋಗುವಷ್ಟು ನೋವು. ರೈಲಿನಲ್ಲಿ ಮುದುರಿ ಕೂತು ನರ ಮರಗಟ್ಟಿತ್ತು, ಬೇರೇನಲ್ಲ. ನೋವಿಗೆ ಕೈಮುಗಿದ ಮನುಷ್ಯ ಅವರು.

ಮುಂದೆ ಅಮೆರಿಕದಲ್ಲಿ ನೋವಿಲ್ಲದ ಕೈಗಳಿಗೆ ಯಂತ್ರದ ನೋವು ಕೊಡಲು ಹೊರಟರು. ಒತ್ತಡ ಅಳೆಯುವ ಕೈಗವಸು, ಒತ್ತಡ ಹೆಚ್ಚಾದರೆ ಕಿವಿಯಲ್ಲಿ ಸದ್ದು. ರೋಗಿಗಳು ಸದ್ದಿಗೆ ಕಿವಿಗೊಡಲಿಲ್ಲ. ಸದ್ದಿನ ಬದಲು ಅರಿವಿರುವ ಜಾಗಕ್ಕೆ ವಿದ್ಯುತ್ ಚುರುಕು ಕೊಟ್ಟರು. ಆಗಲೂ, ಕೆಲಸ ಮುಗಿಸಬೇಕೆಂಬ ಹಟ ಬಂದಾಗ ರೋಗಿ ಸ್ವಿಚ್ಚು ಆರಿಸುತ್ತಿದ್ದ. ಯೋಜನೆ ಕೈಬಿಟ್ಟರು. ನೋವು ನಮ್ಮ ಮಾತು ಕೇಳದಿರುವುದೇ ಅದರ ಗುಣ.

ಹುಟ್ಟಿನಿಂದಲೇ ನೋವಿಲ್ಲದವರೂ ಇದ್ದಾರೆ. ಉತ್ತರ ಪಾಕಿಸ್ತಾನದಲ್ಲಿ ಬೀದಿಯಲ್ಲಿ ತೋಳಿಗೆ ಚೂರಿ ಚುಚ್ಚಿಕೊಂಡು, ಕೆಂಡದ ಮೇಲೆ ನಡೆದು ಕಾಸು ಗಳಿಸುತ್ತಿದ್ದ ಒಬ್ಬ ಹುಡುಗನ ನಂಟರಲ್ಲಿ ನೋವಿನ ನರದ ಸೋಡಿಯಂ ಬಾಗಿಲು, ಎನ್‌ಎವಿ 1.7, ಕೆಟ್ಟಿರುವುದು 2006ರಲ್ಲಿ ಗೊತ್ತಾಯಿತು. ಆ ವೇಳೆಗೆ ಹುಡುಗ ಇರಲಿಲ್ಲ. ಹದಿನಾಲ್ಕು ತುಂಬುವ ಮೊದಲೇ ಮನೆಯ ಮಾಡಿನಿಂದ ಹಾರಿ ಸತ್ತಿದ್ದ. ಸೋಡಿಯಂ ಬಾಗಿಲುಗಳ ಅದೇ ಕುಟುಂಬದ ಇನ್ನೊಂದು ಬಾಗಿಲನ್ನು, 1.8 ಅನ್ನು, ಮುಚ್ಚುವ ಸುಜೆಟ್ರಿಜಿನ್ ಎಂಬ ಮಾತ್ರೆಗೆ 2025ರ ಜನವರಿಯಲ್ಲಿ ಅಮೆರಿಕ ಒಪ್ಪಿಗೆ ಕೊಟ್ಟಿತು. ಅಫೀಮಿನ ಚಟ ಹತ್ತಿಸದ ನೋವುನಿವಾರಕ.

ಕುರಿಯ ಮುಖ

ಓಮಲೂರಿನಿಂದ ಮೆಟ್ಟೂರಿನ ಕಡೆ ತಿರುಗಿದರೆ ಮೇಚೇರಿ. ತಿಳಿಗಂದು ಬಣ್ಣದ, ಗಿಡ್ಡ ಕೂದಲಿನ, ಕೊಂಬಿಲ್ಲದ ಮೇಚೇರಿ ಕುರಿಗೆ ಹೆಸರು ಬಂದದ್ದು ಅದರ ಚರ್ಮದಿಂದ. ಆ ಚರ್ಮದ ಒಳಗೂ ನಾವು ಇಷ್ಟು ಹೊತ್ತು ನೋಡಿದ ಎ-ಡೆಲ್ಟಾ, ಸಿ ನರಗಳೇ ಇವೆ. ಬೆನ್ನುಹುರಿಯಲ್ಲಿ ಅದೇ ತೂಬು, ನಡುಮಿದುಳಲ್ಲಿ ಅದೇ ಬೂದು ಭಾಗ, ಅದೇ ಅಫೀಮು.

ಆದರೆ ಕುರಿ ಹೇಳುವುದಿಲ್ಲ. ಮಂದೆಯಲ್ಲಿ ಕುಂಟಿದ್ದು ಮೊದಲು ತೋಳನ ಕಣ್ಣಿಗೆ ಬೀಳುತ್ತದೆ. ಲಕ್ಷಾಂತರ ವರ್ಷ ತೋಳನ ಎದುರು ಬದುಕಿದ ಪ್ರಾಣಿ ನೋವನ್ನು ಮುಚ್ಚಿಡಲು ಕಲಿತಿದೆ. ಗೊರಸಿನ ಸಂದಿ ಕೊಳೆತು ನಾರುತ್ತಿದ್ದರೂ ತಲೆ ತಗ್ಗಿಸಿ ಮೇಯುತ್ತದೆ. ನಾವು ‘ಮೇಯ್ತಾ ಇದೆ, ಏನಾಗಿಲ್ಲ’ ಎಂದು ಮುಂದೆ ಹೋಗುತ್ತೇವೆ.

ಮುಖ ಓದಲು ಬಂದರೆ ಬೇರೆ ಕತೆ ಕಾಣುತ್ತದೆ. 2016ರಲ್ಲಿ ಕೇಂಬ್ರಿಜ್‌ನ ಸಂಶೋಧಕರು ಕಾಲುಕೊಳೆ ಮತ್ತು ಕೆಚ್ಚಲುಬಾವು ಬಂದ ಕುರಿಗಳ ಮುಖ ನೋಡಿ ಒಂದು ಅಳತೆ ಮಾಡಿದರು. ಕಣ್ಣು ಅರೆಮುಚ್ಚುತ್ತದೆ. ಕೆನ್ನೆಯ ಸ್ನಾಯು ಬಿಗಿಯುತ್ತದೆ. ಕಿವಿ ಹಿಂದಕ್ಕೆ, ಕೆಳಕ್ಕೆ ತಿರುಗುತ್ತದೆ. ತುಟಿ ಮತ್ತು ದವಡೆಯ ಗೆರೆ ಬದಲಾಗುತ್ತದೆ. ಮೂಗಿನ ಹೊಳ್ಳೆಗಳ ನಡುವಿನ ಆಕಾರ ಬಟ್ಟಲಿನಂತಿದ್ದದ್ದು ಚೂಪಾಗುತ್ತದೆ. ಐದೂ ಕಡೆ ಸೊನ್ನೆ, ಒಂದು, ಎರಡು ಎಂದು ಅಂಕ ಹಾಕಿ ಕೂಡಿದರೆ ನೋವಿನ ಲೆಕ್ಕ. ಮೊದಲು 2010ರಲ್ಲಿ ಕೆನಡಾದಲ್ಲಿ ಇಲಿಗೆ ಮಾಡಿದ್ದು, ಆಮೇಲೆ ಕುದುರೆ, ಬೆಕ್ಕು, ಕುರಿಗೆ ಬಂತು. ನುರಿತ ಕುರಿಗಾರ ಇದನ್ನು ಅಂಕ ಹಾಕದೆಯೇ ಓದುತ್ತಾನೆ. ‘ಇದ್ಯಾಕೋ ಮಂಕಾಗಿದೆ’ ಎನ್ನುತ್ತಾನಲ್ಲ, ಆ ಮಂಕು ಇದೇ.

ಪ್ರಾಣಿಗೆ ಕೇಳಿದರೆ ಅದೂ ಉತ್ತರ ಕೊಡುತ್ತದೆ, ಕೇಳುವ ರೀತಿ ಬೇರೆ. ಬ್ರಿಟನ್ನಿನಲ್ಲಿ ಕುಂಟುವ ಮಾಂಸದ ಕೋಳಿಗಳ ಮುಂದೆ ಎರಡು ಬಣ್ಣದ ಮೇವು ಇಟ್ಟರು, ಒಂದರಲ್ಲಿ ನೋವಿನ ಔಷಧಿ ಬೆರೆತಿತ್ತು. ಕುಂಟುವ ಕೋಳಿಗಳು ಔಷಧಿಯ ಮೇವನ್ನೇ ಆರಿಸಿದವು, ಹೆಚ್ಚು ಕುಂಟುವವು ಹೆಚ್ಚು ತಿಂದವು. 2000ನೇ ಇಸವಿಯಲ್ಲಿ ಪ್ರಕಟವಾದ ಈ ಪ್ರಯೋಗವನ್ನು ಕೋಳಿಗೇ ಹೆಸರಾದ ನಾಮಕ್ಕಲ್ಲಿನ ನೆರೆಯಲ್ಲಿ ಕೂತು ಓದಿದರೆ ಸ್ವಲ್ಪ ಕಸಿವಿಸಿಯಾಗುತ್ತದೆ. ಮೀನಿಗೆ ನೋವಿಲ್ಲ ಎನ್ನುವವರಿಗೆ 2003ರ ಲಿನ್ ಸ್ನೆಡನ್ ಪ್ರಯೋಗವಿದೆ. ತುಟಿಗೆ ಆಮ್ಲ ಚುಚ್ಚಿದ ಟ್ರೌಟ್ ಮೀನು ಮೇವು ಬಿಟ್ಟು ತುಟಿಯನ್ನು ಕಲ್ಲಿಗೆ ಉಜ್ಜುತ್ತಿತ್ತು, ಮಾರ್ಫಿನ್ ಕೊಟ್ಟಾಗ ಅದು ಕಡಿಮೆಯಾಯಿತು.

ಮಾತು ಬಾರದವರಿಗೆ ನೋವೂ ಬಾರದು ಎಂಬ ನಂಬಿಕೆಗೆ ಪ್ರಾಣಿಗಳಷ್ಟೇ ಬಲಿಯಾಗಲಿಲ್ಲ. 1980ರ ದಶಕದವರೆಗೂ ದೊಡ್ಡ ಆಸ್ಪತ್ರೆಗಳಲ್ಲಿ ಹಸುಗೂಸುಗಳ ಶಸ್ತ್ರಚಿಕಿತ್ಸೆ ಸರಿಯಾದ ಅರಿವಳಿಕೆ ಇಲ್ಲದೆ ನಡೆಯುತ್ತಿತ್ತು. ಭಾರತ ಮೂಲದ ವೈದ್ಯ ಕನ್ವಲ್‌ಜೀತ್ ಆನಂದ್ ಆಕ್ಸ್‌ಫರ್ಡ್‌ನಲ್ಲಿ ಆ ಕೂಸುಗಳ ರಕ್ತದಲ್ಲಿ ಮಾನಸಿಕ-ದೈಹಿಕ ಒತ್ತಡದ ಹಾರ್ಮೋನುಗಳನ್ನು ಅಳೆದು 1987ರಲ್ಲಿ ತೋರಿಸಿದ ಮೇಲೆ ಪದ್ಧತಿ ಬದಲಾಯಿತು. ಅಂತರರಾಷ್ಟ್ರೀಯ ನೋವು ಅಧ್ಯಯನ ಸಂಘ 2020ರಲ್ಲಿ ನೋವಿನ ವ್ಯಾಖ್ಯೆಯನ್ನು ತಿದ್ದುವಾಗ, ಹೇಳಲು ಬಾರದ್ದರಿಂದ ಮನುಷ್ಯನಿಗಾಗಲಿ ಪ್ರಾಣಿಗಾಗಲಿ ನೋವಿಲ್ಲವೆಂದು ಆಗದು ಎಂಬ ಅರ್ಥದ ಟಿಪ್ಪಣಿ ಸೇರಿಸಿತು.

ಇನ್ನು ಎತ್ತು. ಧರ್ಮಪುರಿ ಜಿಲ್ಲೆಯ ಪೆನ್ನಾಗರಂ ಕಡೆಯ, ಕಾವೇರಿ ದಡದ ಆಲಂಬಾಡಿ ತಳಿ ನಮ್ಮ ಹಳ್ಳಿಕಾರ್ ದಾಯಾದಿ. ದುಡಿಮೆಗೆ ಹೆಸರಾದ ಈ ಎತ್ತಿನ ಬದುಕಿನಲ್ಲಿ ಮೂಗು ಚುಚ್ಚಿದ ದಿನ, ಬೀಜ ಒಡೆದ ದಿನ, ಲಾಳ ಕಟ್ಟಿದ ದಿನ, ಕಾಯಿಲೆಯೆಂದು ಬರೆ ಹಾಕಿದ ದಿನ ಎಲ್ಲ ಇವೆ. ಒಂದು ನೋವು ಇನ್ನೊಂದನ್ನು ಕೆಲಹೊತ್ತು ಅದುಮುತ್ತದೆ ಎಂಬುದು 1979ರಲ್ಲಿ ಇಲಿಗಳಲ್ಲಿ ಕಂಡ ಸತ್ಯ. ಬರೆ ‘ಕೆಲಸ ಮಾಡಿತು’ ಅನಿಸುವುದಕ್ಕೆ ಅದೂ ಒಂದು ಕಾರಣವಿರಬೇಕು. ಕಾಯಿಲೆ ಇದ್ದಲ್ಲೇ ಇರುತ್ತದೆ, ಸುಟ್ಟಗಾಯ ಹೆಚ್ಚುವರಿ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂದು ನಕ್ಕ ಗಾದೆ, ಎತ್ತಿಗೇ ಹಾಕಿದ ಬರೆಯ ಬಗ್ಗೆ ಸುಮ್ಮನಿದೆ. ಕಾನೂನೂ ಸುಮ್ಮನಿದೆ. 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ 11ನೇ ಕಲಮು ಹಿಂಸೆಯ ಉದ್ದನೆಯ ಪಟ್ಟಿ ಕೊಟ್ಟು, ಕೊಂಬು ತೆಗೆಯುವುದು, ಬೀಜ ಒಡೆಯುವುದು, ಬರೆ, ಮೂಗುದಾರ ಇಷ್ಟನ್ನು ನಿಯಮದ ಪ್ರಕಾರ ಮಾಡಿದರೆ ಅಡ್ಡಿಯಿಲ್ಲ ಎನ್ನುತ್ತದೆ.

ಜಲ್ಲಿಕಟ್ಟು, ಎರುದಾಟದಂಥ ಹೋರಿಯಾಟಗಳ ಜಗಳವೂ ನೋವಿನದೇ. 2014ರಲ್ಲಿ ಸುಪ್ರೀಂ ಕೋರ್ಟು ನಿಲ್ಲಿಸಿತು, 2017ರಲ್ಲಿ ತಮಿಳುನಾಡಿನ ತಿದ್ದುಪಡಿ ಬಂತು, 2023ರ ಮೇ 18ರಂದು ಸಂವಿಧಾನ ಪೀಠ ಅದನ್ನು, ಜೊತೆಗೆ ನಮ್ಮ ಕಂಬಳದ ತಿದ್ದುಪಡಿಯನ್ನೂ, ಎತ್ತಿಹಿಡಿಯಿತು. ತೀರ್ಪು ತೀರ್ಪೇ. ಆದರೆ ‘ನೋವಿದ್ದರೆ ಹೋರಿ ಹಾಗೆ ಓಡುತ್ತಿತ್ತೇ’ ಎಂಬ ವಾದವನ್ನು ನಾನು ಒಪ್ಪಲಾರೆ. ಆಂಜಿಯೊದ ಸೈನಿಕನೂ ಮಾರ್ಫಿನ್ ಬೇಡವೆಂದಿದ್ದ. ಓಟ, ಭಯ, ಗದ್ದಲ ತೂಬು ಮುಚ್ಚುತ್ತವೆ. ತೂಬು ತೆರೆಯುವುದು ರಾತ್ರಿ, ಕೊಟ್ಟಿಗೆಯಲ್ಲಿ, ಜನ ಮನೆಗೆ ಹೋದ ಮೇಲೆ.

ನೋವು ಇಳಿಸುವುದಕ್ಕೂ ಲೆಕ್ಕ ಬೇಕು. ದನಗಳ ನೋವಿಗೆಂದು ಧಾರಾಳವಾಗಿ ಚುಚ್ಚಿದ ಡೈಕ್ಲೋಫೆನಾಕ್, ಸತ್ತ ದನ ತಿಂದ ರಣಹದ್ದುಗಳ ಮೂತ್ರಪಿಂಡ ಕೆಡಿಸಿ ಅವುಗಳ ಸಂತತಿಯ ಬಹುಪಾಲನ್ನು ಅಳಿಸಿತು. ಕಾರಣ ಗೊತ್ತಾದದ್ದು 2004ರಲ್ಲಿ, ಪಶುವೈದ್ಯಕ್ಕೆ ನಿಷೇಧ 2006ರಲ್ಲಿ. 2023ರಲ್ಲಿ ಕೀಟೊಪ್ರೊಫೆನ್, ಅಸಿಕ್ಲೋಫೆನಾಕ್ ಕೂಡ ಹೋದವು. ರಾಮನಗರದ ರಾಮದೇವರ ಬೆಟ್ಟದಲ್ಲಿ ಉಳಿದಿರುವುದು ಬೆರಳೆಣಿಕೆಯ ಹದ್ದುಗಳು. ಮೆಲಾಕ್ಸಿಕಾಮ್ ದನಕ್ಕೂ ಆಗುತ್ತದೆ, ಹದ್ದಿಗೂ ಕೆಡುಕಿಲ್ಲ. ಮುಂದಿನ ಸಲ ಹೋರಿಯ ಬೀಜ ಒಡೆಸುವಾಗ, ಕುರಿಯ ಗೊರಸು ಕೊಯ್ಸುವಾಗ, ಪಶುವೈದ್ಯರನ್ನು ಅದರ ಹೆಸರು ಹಿಡಿದು ಕೇಳಿ. ಮರಗಟ್ಟಿಸುವ ಚುಚ್ಚುಮದ್ದನ್ನೂ ಕೇಳಿ.

ನಿಮ್ಮದೇ ಮೈಗೂ ಒಂದು ಮಾತು. ನೋವಾದರೆ ನಾವೆಲ್ಲ ವೈದ್ಯರ ಬಳಿ ಓಡುತ್ತೇವೆ, ನೋಯದಿದ್ದರೆ ಕಾಯುತ್ತೇವೆ. ಚರ್ಮದ ಮೇಲೆ ಬಣ್ಣಗೆಟ್ಟ ಮಚ್ಚೆ ಕಂಡು, ಅದು ಕಡಿಯದೆ, ಉರಿಯದೆ, ಗುಂಡುಪಿನ್ನು ತಾಗಿಸಿದರೂ ಗೊತ್ತಾಗದೆ ಇದ್ದರೆ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಅಂದೇ ಹೋಗಿ. ಕುಷ್ಠಕ್ಕೆ ಮಾತ್ರೆ ಉಚಿತ, 6 ಇಲ್ಲವೇ 12 ತಿಂಗಳು ತಪ್ಪದೆ ನುಂಗಿದರೆ ಗುಣವಾಗುತ್ತದೆ. 2023ರಲ್ಲಿ ಪ್ರಕಟವಾದ ಐಸಿಎಂಆರ್ ಅಧ್ಯಯನದ ಪ್ರಕಾರ ದೇಶದಲ್ಲಿ ಸಕ್ಕರೆ ಕಾಯಿಲೆಯವರು 10 ಕೋಟಿಗೂ ಹೆಚ್ಚು. ಅವರಲ್ಲಿ ಎಷ್ಟೋ ಜನರ ಪಾದ ಆಗಲೇ ವೆಲ್ಲೂರಿನ ಆ ಹುಡುಗನ ಬೆರಳಿನಂತೆ ಆಗುತ್ತಿದೆ. ಮಲಗುವ ಮುನ್ನ ಅಂಗಾಲು ನೋಡಿಕೊಳ್ಳಿ, ಬಗ್ಗಲಾಗದಿದ್ದರೆ ನೆಲದ ಮೇಲೆ ಕನ್ನಡಿ ಇಟ್ಟು ನೋಡಿ. ಚಪ್ಪಲಿಯನ್ನು ಒಮ್ಮೆ ಕೊಡವಿ ಹಾಕಿಕೊಳ್ಳಿ.